ಕರ್ನಲ್ ಬೂಟ್ ಶುರುವಲ್ಲೇ ಕ್ರ್ಯಾಶ್ ಆದ್ರೆ ಎಲ್ಲಿಂದ ಹುಡುಕೋದು

ನಾವೇ ಬಿಲ್ಡ್ ಮಾಡಿದ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬೂಟ್ ಮಾಡಿದಾಗ ಸ್ಕ್ರೀನಲ್ಲಿ ಒಂದಕ್ಷರಾನೂ ಬರ್ದೆ ಮಷೀನ್ ಸುಮ್ನೆ ರೀಬೂಟ್ ಆಗ್ತಾನೇ ಇದ್ರೆ, ಕರ್ನಲ್ ಶುರುನೇ ಆಗಿಲ್ಲ ಅಂದ್ಕೋಬೇಡಿ. ಪ್ರಿಂಟ್‌ಕೆ (ಕರ್ನಲ್ ತನ್ನ ಮೆಸೇಜ್ ಬರೆಯೋ ಫಂಕ್ಷನ್) ಮೆಸೇಜ್ ಎಲ್ಲ ಮೊದ್ಲು ಮೆಮೊರಿಲಿರೋ ಲಾಗ್ ಬಫರ್‌ಗೆ ಹೋಗತ್ತೆ, ಕನ್ಸೋಲ್ (ಮೆಸೇಜ್ ತೋರ್ಸೋ ಸ್ಕ್ರೀನ್ ಅಥವಾ ಸೀರಿಯಲ್ ಪೋರ್ಟ್) ರಿಜಿಸ್ಟರ್ ಆದ್ಮೇಲೇ ಹೊರಗೆ ಕಾಣೋದು, ಅಷ್ಟ್ರಲ್ಲಿ ಕ್ರ್ಯಾಶ್ ಆದ್ರೆ ಎಲ್ಲ ಒಳಗೇ ಉಳ್ಕೊಂಡ್ಬಿಡತ್ತೆ. ಅದಕ್ಕೇ ಮೊದ್ಲು ಕರ್ನಲ್ ಕಮಾಂಡ್ ಲೈನಿಗೆ ಅರ್ಲಿಪ್ರಿಂಟ್‌ಕೆ (ಕನ್ಸೋಲ್ ಬರೋಕೆ ಮುಂಚೇನೇ ಮೆಸೇಜ್ ಹೊರಗೆ ಕಳ್ಸೋ ಆಪ್ಷನ್) ಸೇರ್ಸಿ: ಸೀರಿಯಲ್, ಟಿಟಿವೈಎಸ್0 (ಮೊದಲನೇ ಸೀರಿಯಲ್ ಪೋರ್ಟ್), ಸ್ಪೀಡ್ 115200.

ಆಗ್ಲೂ ಏನೂ ಬರ್ಲಿಲ್ವಾ? ಹಾಗಾದ್ರೆ ಟ್ರಿಪಲ್ ಫಾಲ್ಟ್ ಇರೋ ಚಾನ್ಸ್ ಜಾಸ್ತಿ. ಎಕ್ಸ್86 ಸಿಪಿಯು ಎಕ್ಸೆಪ್ಷನ್ (ಕೋಡ್ ಓಡುವಾಗ ಆಗೋ ತಪ್ಪು) ಬಂದಾಗ ಐಡಿಟಿ (ಯಾವ ಎಕ್ಸೆಪ್ಷನ್‌ಗೆ ಯಾವ ಹ್ಯಾಂಡ್ಲರ್ ಅನ್ನೋ ಟೇಬಲ್) ನೋಡಿ ಹ್ಯಾಂಡ್ಲರ್ ಹುಡುಕತ್ತೆ, ಆ ಟೇಬಲ್ಲೇ ಇನ್ನೂ ಸೆಟ್ ಆಗಿಲ್ಲ ಅಂದ್ರೆ ಪೇಜ್ ಫಾಲ್ಟ್ (ಮ್ಯಾಪ್ ಆಗಿರದ ಅಡ್ರೆಸ್ ಮುಟ್ಟಿದಾಗ ಬರೋ ಎಕ್ಸೆಪ್ಷನ್) ಹೋಗಿ ಡಬಲ್ ಫಾಲ್ಟ್ ಆಗತ್ತೆ, ಅದಕ್ಕೂ ಹ್ಯಾಂಡ್ಲರ್ ಸಿಗ್ದೆ ಟ್ರಿಪಲ್, ಆಮೇಲೆ ಸೀದಾ ರೀಸೆಟ್. ಇದನ್ನ ಹಿಡಿಯೋಕೆ ಕ್ಯೂಎಮು (ಕಂಪ್ಯೂಟರನ್ನೇ ಸಾಫ್ಟ್‌ವೇರಲ್ಲಿ ಅನುಕರಿಸೋ ಎಮ್ಯುಲೇಟರ್) ತುಂಬಾ ಒಳ್ಳೇದು. ಕೆವಿಎಂ (ಕೋಡನ್ನ ನೇರ ನಿಜವಾದ ಸಿಪಿಯುನಲ್ಲೇ ಓಡ್ಸೋ ಸೌಲಭ್ಯ) ಆಫ್ ಮಾಡಿ, ನೋ-ರೀಬೂಟ್ ಆಪ್ಷನ್ ಹಾಕಿ, ಡೀಬಗ್ ಲಾಗಲ್ಲಿ ಇಂಟರಪ್ಟ್ ಮತ್ತು ಸಿಪಿಯು ರೀಸೆಟ್ ಎರಡೂ ಆನ್ ಮಾಡಿ. ಲಾಗ್ ಉದ್ದ ಬರತ್ತೆ, ಶುರುವಿನ ಭಾಗ ಬಯೋಸ್‌ದೂ ಇರತ್ತೆ, ಅದಕ್ಕೇ ಕೊನೇಲಿರೋ ಟ್ರಿಪಲ್ ಫಾಲ್ಟ್ ಸಾಲಿಂದ ಮೇಲಕ್ಕೆ ಓದಿ. ಡಬಲ್ ಫಾಲ್ಟ್ (ವೆಕ್ಟರ್, ಅಂದ್ರೆ ಎಕ್ಸೆಪ್ಷನ್ ನಂಬರ್, 8) ದಾಟಿ ಅದರ ಹಿಂದಿರೋ ಮೊದಲನೇ ಫಾಲ್ಟೇ ನಿಜವಾದ ಕಾರಣ, ಉಳಿದದ್ದೆಲ್ಲ ಅದರ ಪರಿಣಾಮ.

ಅದು ವೆಕ್ಟರ್ 14, ಅಂದ್ರೆ ಪೇಜ್ ಫಾಲ್ಟ್ ಆಗಿದ್ರೆ ಎರಡು ನಂಬರ್ ಬರ್ಕೊಳ್ಳಿ. ಸಿಆರ್2 ಅಂದ್ರೆ ಯಾವ ಅಡ್ರೆಸ್ ಮುಟ್ಟೋಕೆ ಹೋಗಿ ಬಿತ್ತು ಅಂತ, ಐಪಿ ಅಂದ್ರೆ ಯಾವ ಇನ್‌ಸ್ಟ್ರಕ್ಷನ್ ಅಂತ. ಸಿಆರ್2 ಹೆಕ್ಸಲ್ಲಿ ಬರೀ 18 ಇದ್ರೆ, ಹೆಚ್ಚಾಗಿ ನಲ್ ಪಾಯಿಂಟರ್ (ಸೊನ್ನೆ ಅಡ್ರೆಸ್) ಇಟ್ಕೊಂಡು ಸ್ಟ್ರಕ್ಟಲ್ಲಿ 24ನೇ ಬೈಟಲ್ಲಿರೋ ಫೀಲ್ಡ್ ಓದಿದೀವಿ. ಸಿಆರ್2 ತುಂಬಾ ಮೇಲಿನ ಕರ್ನಲ್ ಅಡ್ರೆಸ್ ಆಗಿದ್ದು ಐಪಿ ಮಾತ್ರ ಕೆಳಗಿನ ಫಿಸಿಕಲ್ ಅಡ್ರೆಸಲ್ಲಿದ್ರೆ ಅದು ಬೇರೆ ಕಥೆ, ನನಗೆ ಇದೇ ಇಂಟರೆಸ್ಟಿಂಗ್: ಪೇಜ್ ಟೇಬಲ್ (ವರ್ಚುವಲ್ ಅಡ್ರೆಸ್‌ನ ಫಿಸಿಕಲ್‌ಗೆ ಹೊಂದ್ಸೋ ಟೇಬಲ್) ಬದಲಾಗೋಕೆ ಮುಂಚೆ ಓಡೋ ಕೋಡ್ ಒಂದು ಗ್ಲೋಬಲ್ ವೇರಿಯಬಲ್‌ನ ಅದರ ವರ್ಚುವಲ್ ಅಡ್ರೆಸಲ್ಲೇ ಓದೋಕೆ ಹೋಗಿದೆ, ಆ ಅಡ್ರೆಸ್ ಇನ್ನೂ ಮ್ಯಾಪೇ ಆಗಿಲ್ಲ. ಸಿ ಕೋಡ್ ನೋಡೋಕೆ ಸರಿಯಾಗೇ ಇರತ್ತೆ, ಅದಕ್ಕೇ ಡಿಸ್‌ಅಸೆಂಬ್ಲಿ (ಕಂಪೈಲ್ ಆದ ಮಷೀನ್ ಕೋಡ್) ನೋಡ್ಲೇಬೇಕು.

ಆಮೇಲೆ ಜಿಡಿಬಿ ಅನ್ನೋ ಡೀಬಗರ್. ಡೀಬಗ್ ಇನ್ಫೋ ಇರೋ ವಿಎಂಲಿನಕ್ಸ್ ಫೈಲ್ ಕೊಡಿ, ಬೂಟ್ ಮಾಡೋಕೆ ಕಂಪ್ರೆಸ್ ಮಾಡಿರೋ ಬಿಝೆಡ್‌ಇಮೇಜ್ ಅಲ್ಲ. ಕ್ಯೂಎಮುವಿನ ಪೋರ್ಟ್ 1234ಕ್ಕೆ ಕನೆಕ್ಟ್ ಆಗಿ. ಕರ್ನಲ್ ಕಮಾಂಡ್ ಲೈನಲ್ಲಿ ನೋಕಾಸ್ಲರ್ (ಅಡ್ರೆಸ್ ಅದಲುಬದಲು ಮಾಡೋದನ್ನ ನಿಲ್ಸೋ ಆಪ್ಷನ್) ಹಾಕ್ದಿದ್ರೆ ಅಡ್ರೆಸ್ ಪ್ರತಿ ಸಲ ಬದಲಾಗಿ ಸಿಂಬಲ್ (ಫಂಕ್ಷನ್, ವೇರಿಯಬಲ್ ಹೆಸ್ರು) ಯಾವ್ದೂ ಹೊಂದಲ್ಲ. ಸ್ಟಾರ್ಟ್_ಕರ್ನಲ್‌ಗೆ (ಕರ್ನಲ್‌ನ ಮುಖ್ಯ ಸಿ ಫಂಕ್ಷನ್) ಹಾರ್ಡ್‌ವೇರ್ ಬ್ರೇಕ್‌ಪಾಯಿಂಟೇ (ಕೋಡ್ ನಿಲ್ಸೋ ಗುರುತು) ಇಡಿ, ಯಾಕಂದ್ರೆ ಸಾಫ್ಟ್‌ವೇರ್‌ದಕ್ಕೆ ಸಾಮಾನ್ಯವಾಗಿ ಆ ಮೆಮೊರಿಲಿ ಬರೀಬೇಕು, ಅದಿನ್ನೂ ಮ್ಯಾಪ್ ಆಗಿರಲ್ಲ. ಅಲ್ಲಿ ನಿಂತ್ರೆ ತೊಂದ್ರೆ ಮುಂದಿದೆ, ಅದು ಕರೆಯೋ ಸೆಟಪ್_ಆರ್ಚ್ ಒಳಗೆ ಹೆಜ್ಜೆ ಹೆಜ್ಜೆಯಾಗಿ ಹೋಗಿ. ನಿಲ್ಲದೇ ರೀಸೆಟ್ ಆದ್ರೆ ಅದಕ್ಕೂ ಮುಂಚೆ ಓಡೋ ಸ್ಟಾರ್ಟಪ್_64 ಕಡೆ ಹಿಂದಕ್ಕೆ ಹುಡುಕಿ.