ಬರ್ಬನ್‌ಗೆ ಎರಡನೇ ಮರ ಯಾಕೆ ಬೇಕಾಯಿತು?

ಭಟ್ಟಿಯಿಂದ ಆಗಷ್ಟೇ ಇಳಿದ ಅಮೆರಿಕದ ಬರ್ಬನ್ ವಿಸ್ಕಿಗೆ ಬಣ್ಣವೇ ಇರುವುದಿಲ್ಲ. ನೀರಿನ ಹಾಗೆ ತಿಳಿಯಾಗಿರುತ್ತದೆ. ಮೂಗಿಗೆ ಹಿಡಿದರೆ ಬೇಯಿಸಿದ ಮೆಕ್ಕೆಜೋಳದ ವಾಸನೆ, ನಾಲಿಗೆಗೆ ಇಟ್ಟರೆ ಉರಿ. ಅದೇ ದ್ರವ ನಾಲ್ಕಾರು ವರ್ಷ ಓಕ್ ಮರದ ಪೀಪಾಯಿಯಲ್ಲಿ ಕೂತು ಹೊರಬಂದಾಗ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿರುತ್ತದೆ. ವೆನಿಲ್ಲಾ, ಕೊಬ್ಬರಿ, ಕಂದಿದ ಸಕ್ಕರೆ, ಒಂದಿಷ್ಟು ಲವಂಗದ ಘಮ. ಇದರಲ್ಲಿ ಯಾವುದನ್ನೂ ಯಾರೂ ಸುರಿದಿಲ್ಲ. ಬಣ್ಣವಷ್ಟೂ ಮರದ್ದು. ರುಚಿಯಲ್ಲೂ ಅರ್ಧಕ್ಕಿಂತ ಜಾಸ್ತಿ ಮರದ್ದೇ ಎಂದು ತಯಾರಕರೇ ಹೇಳುತ್ತಾರೆ.

ಹೀಗೆ ಒಂದು ಮರವೇ ಇಷ್ಟು ಕೊಡುವಾಗ ಇನ್ನೊಂದು ಮರ ಯಾಕೆ? ಈಗ ಅಮೆರಿಕದ ಅಂಗಡಿಗಳಲ್ಲಿ ಸಾಲುಸಾಲು ಬಾಟಲಿಗಳ ಮೇಲೆ 'ಪೋರ್ಟ್ ಪೀಪಾಯಿಯಲ್ಲಿ ಫಿನಿಶ್ ಮಾಡಿದ್ದು', 'ಡಬಲ್ ಓಕ್ಡ್', 'ಟೋಸ್ಟೆಡ್ ಬ್ಯಾರಲ್' ಎಂಬ ಮಾತುಗಳಿವೆ. ಮಾಗಿದ ವಿಸ್ಕಿಯನ್ನು ಕೊನೆಯ ಕೆಲವು ವಾರ ಅಥವಾ ತಿಂಗಳು ಬೇರೊಂದು ಮರದ ಜೊತೆ ಇಡುವುದಕ್ಕೆ ಫಿನಿಶಿಂಗ್ ಎನ್ನುತ್ತಾರೆ. ಇದನ್ನು ಬರೀ ಮಾರಾಟದ ತಂತ್ರ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದರ ಬೇರು ಬರ್ಬನ್‌ನ ಕಾನೂನಿನಲ್ಲೇ ಇದೆ.

ಪೀಪಾಯಿಯ ಒಳಮೈ ಸುಡುವ ಪದ್ಧತಿಯನ್ನು ಮೊದಲು ಶುರುಮಾಡಿದ್ದು ಯಾರು ಎಂಬುದಕ್ಕೆ ಬರ್ಬನ್‌ನ ತವರಾದ ಕೆಂಟಕಿ ರಾಜ್ಯದಲ್ಲಿ ಕತೆಗಳು ಬೇಕಾದಷ್ಟಿವೆ. ಗಟ್ಟಿ ಪುರಾವೆ ಎನ್ನಬಹುದಾದದ್ದು 1826ರ ಒಂದು ಕಾಗದ. ಲೆಕ್ಸಿಂಗ್ಟನ್ ಊರಿನ ಕಿರಾಣಿ ವ್ಯಾಪಾರಿಯೊಬ್ಬ ಜಾನ್ ಕಾರ್ಲಿಸ್ ಎಂಬ ಭಟ್ಟಿಯವನಿಗೆ ಬರೆದದ್ದು. ಪೀಪಾಯಿಯ ಒಳಗೆ ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಸುಟ್ಟರೆ ವಿಸ್ಕಿ ಚೆನ್ನಾಗಿ ಸುಧಾರಿಸುತ್ತದಂತೆ, ಎಂದು ಅವನು ಸಲಹೆ ಕೊಡುತ್ತಾನೆ. ಮಾರುವವನಿಗೆ ಗಿರಾಕಿಯ ನಾಲಿಗೆ ಗೊತ್ತಿತ್ತು.

ಆಮೇಲೆ ಕಲಬೆರಕೆಯ ಕಾಲ ಬಂತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಬರೀ ಸ್ಪಿರಿಟ್‌ಗೆ ಬಣ್ಣ, ಹಣ್ಣಿನ ರಸ ಬೆರೆಸಿ ವಿಸ್ಕಿ ಎಂದು ಮಾರುವವರು ತುಂಬಿಹೋಗಿದ್ದರು. ಅದರ ವಿರುದ್ಧ 1897ರಲ್ಲಿ, ಸರ್ಕಾರದ ಕಣ್ಗಾವಲಿನಲ್ಲಿ ಮಾಗಿಸಿದ ವಿಸ್ಕಿಗೆ ಖಾತರಿ ಕೊಡುವ 'ಬಾಟಲ್ಡ್ ಇನ್ ಬಾಂಡ್' ಕಾಯಿದೆ ಬಂತು. ಪಾನನಿಷೇಧ 1933ರಲ್ಲಿ ಮುಗಿದ ಮೇಲೆ ನಿಯಮಗಳು ಇನ್ನೂ ಬಿಗಿಯಾದವು. ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಪೀಪಾಯಿಗೆ ತುಂಬುವಾಗ ಆಲ್ಕೋಹಾಲ್ ಶೇ. 62.5 ಮೀರಬಾರದು. ಬಣ್ಣ, ಪರಿಮಳ ಏನನ್ನೂ ಬೆರೆಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪೀಪಾಯಿ ಹೊಸದಾಗಿರಬೇಕು, ಓಕ್ ಮರದ್ದಾಗಿರಬೇಕು, ಒಳಗೆ ಸುಟ್ಟಿರಬೇಕು. ಹೊಸ ಪೀಪಾಯಿಯೇ ಬೇಕು ಎಂಬ ಷರತ್ತಿನ ಹಿಂದೆ ಮರದ ವ್ಯಾಪಾರಿಗಳ, ಪೀಪಾಯಿ ಕಟ್ಟುವವರ ಒತ್ತಾಯವೂ ಇತ್ತು ಎಂದು ಹೇಳುವುದುಂಟು. ಕಾರಣ ಏನೇ ಇರಲಿ, ಬರ್ಬನ್‌ನ ರುಚಿ ಅಲ್ಲಿಗೆ ಗೆರೆ ಎಳೆದ ಹಾಗೆ ನಿಂತಿತು. ಜನರ ನಂಬಿಕೆ ಗೆದ್ದಿತು. ಆದರೆ ಹೊಸದೇನಾದರೂ ಮಾಡಬೇಕು ಎನ್ನುವವನಿಗೆ ಕೈ ಕಟ್ಟಿದಂತಾಯಿತು.

ಆ ಸುಟ್ಟ ಮರದೊಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ಬಳಸುವುದು ಹೆಚ್ಚಾಗಿ ಅಮೆರಿಕದ ಬಿಳಿ ಓಕ್. ಒಂದು ಪೀಪಾಯಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ. ಇದಕ್ಕೆ ಬೆಂಕಿ ಎರಡು ರೀತಿ ಮುಟ್ಟುತ್ತದೆ. ಒಂದು ಸುಡುವುದು, ಇನ್ನೊಂದು ಹುರಿಯುವುದು. ನಮ್ಮ ಅಡುಗೆಮನೆಯಲ್ಲೂ ಈ ಎರಡು ಬೇರೆ ಬೇರೆ, ಅಲ್ವಾ? ಬದನೆಕಾಯಿಯನ್ನು ಉರಿಯ ಮೇಲಿಟ್ಟು ಸಿಪ್ಪೆ ಕರಕಲಾಗುವಂತೆ ಸುಡುತ್ತೇವೆ. ರವೆಯನ್ನು ಸಣ್ಣ ಉರಿಯಲ್ಲಿ, ಘಮ ಬರುವವರೆಗೆ ಕೈಯಾಡಿಸುತ್ತಾ ಹುರಿಯುತ್ತೇವೆ. ಪೀಪಾಯಿಗೂ ಹಾಗೆಯೇ. ಜೋರು ಉರಿಯಲ್ಲಿ ಒಂದು ನಿಮಿಷದೊಳಗೆ ಮೇಲ್ಮೈ ಇದ್ದಿಲಾಗಿ, ಮೊಸಳೆ ಚರ್ಮದ ಹಾಗೆ ಬಿರುಕು ಬಿಡುತ್ತದೆ. ಆ ಇದ್ದಿಲು ಹಸಿ ವಿಸ್ಕಿಯ ಗಂಧಕದ ವಾಸನೆಯನ್ನು ಹೀರಿಕೊಳ್ಳುತ್ತದೆ. ನಿಧಾನದ ಶಾಖ ಮಾತ್ರ ಮರದ ಒಳಕ್ಕೆ ಇಳಿದು ಅದರ ಹೊಟ್ಟೆಯಲ್ಲಿರುವುದನ್ನು ಬಿಡಿಸುತ್ತದೆ. ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ. ಹೆಮಿಸೆಲ್ಯುಲೋಸ್ ಸಕ್ಕರೆಯಾಗಿ ಕಂದುತ್ತದೆ. ಕೊಬ್ಬರಿಯ ಘಮ ಕೊಡುವ ಲ್ಯಾಕ್ಟೋನ್ ಓಕ್‌ನಲ್ಲಿ ಮೊದಲೇ ಇರುತ್ತದೆ, ಅಮೆರಿಕದ ಓಕ್‌ನಲ್ಲಿ ಜಾಸ್ತಿ. ಅಡಿಕೆಯಂಥ ಒಗರು ಕೊಡುವುದು ಟ್ಯಾನಿನ್. ಅದು ಫ್ರೆಂಚ್ ಓಕ್‌ನಲ್ಲಿ ಜಾಸ್ತಿ. ಕೆಂಟಕಿಯ ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಹಲಗೆಯೊಳಗೆ ಇಳಿಯುತ್ತದೆ. ಚಳಿಗಾಲದಲ್ಲಿ ಕುಗ್ಗಿ ಇವನ್ನೆಲ್ಲ ಹೊತ್ತು ವಾಪಸು ಬರುತ್ತದೆ.

ಇನ್ನೊಂದು ಪೀಪಾಯಿಯ ಯೋಚನೆ ಹುಟ್ಟಿದ್ದು ಕೆಂಟಕಿಯಲ್ಲಲ್ಲ, ಸ್ಕಾಟ್ಲೆಂಡಿನಲ್ಲಿ. ಅಲ್ಲಿಯವರು ಮೊದಲಿನಿಂದಲೂ ಹಳೆಯ ಪೀಪಾಯಿ ಬಳಸಿದವರು. ಬಾಲ್ವೆನಿ ಡಿಸ್ಟಿಲರಿಯ ಡೇವಿಡ್ ಸ್ಟುವರ್ಟ್ 1980ರ ದಶಕದ ಆರಂಭದಲ್ಲಿ ಬರ್ಬನ್ ಪೀಪಾಯಿಯಲ್ಲಿ ಮಾಗಿದ ವಿಸ್ಕಿಯನ್ನು ಶೆರ್ರಿ ವೈನ್ ಇದ್ದ ಪೀಪಾಯಿಗೆ ವರ್ಗಾಯಿಸಿ ನೋಡಿದರು. ಆ ದಾರಿಯಲ್ಲೇ 1993ರಲ್ಲಿ 'ಡಬಲ್‌ವುಡ್' ಬಂತು. ಅಮೆರಿಕದಲ್ಲಿ ಈ ಹಾದಿ ತುಳಿದ ಮೊದಲಿಗರಲ್ಲಿ ಜಿಮ್ ಬೀಮ್ ಕಂಪನಿಯ ಬುಕರ್ ನೋ ಒಬ್ಬರು. 1999ರಲ್ಲಿ ಅವರು ಹದಿನೆಂಟು ವರ್ಷದ ಬರ್ಬನ್ ಅನ್ನು ಫ್ರಾನ್ಸಿನ ಕೊನ್ಯಾಕ್ ಬ್ರಾಂದಿಯ ಪೀಪಾಯಿಯಲ್ಲಿ ಫಿನಿಶ್ ಮಾಡಿಸಿದರು. 2007ರಲ್ಲಿ ವುಡ್‌ಫರ್ಡ್ ರಿಸರ್ವ್ ಎಂಬ ಬರ್ಬನ್ ಬ್ರ್ಯಾಂಡ್ ಶಾರ್ಡನೆ ವೈನ್‌ನ ಪೀಪಾಯಿ ಹಿಡಿಯಿತು. ಆದರೆ ಸಾಮಾನ್ಯ ಗಿರಾಕಿಯವರೆಗೆ ಇದನ್ನು ತಲುಪಿಸಿದವರು ಲಿಂಕನ್ ಹೆಂಡರ್ಸನ್. ವುಡ್‌ಫರ್ಡ್ ರಿಸರ್ವ್ ರೂಪಿಸಿದ ಹಿರಿಯ ಅವರು. ನಿವೃತ್ತರಾದ ಮೇಲೆ ಮಗ ವೆಸ್ ಜೊತೆ ಸೇರಿ 'ಏಂಜಲ್ಸ್ ಎನ್ವಿ' ಎಂಬ ಬ್ರ್ಯಾಂಡ್ ಕಟ್ಟಿದರು. ಮಾಗಿದ ಬರ್ಬನ್, ಆಮೇಲೆ ಮೂರರಿಂದ ಆರು ತಿಂಗಳು ಪೋರ್ಚುಗಲ್‌ನ ಪೋರ್ಟ್ ವೈನ್ ಪೀಪಾಯಿ.

ಕಾನೂನು ಇದಕ್ಕೆ ಹೇಗೆ ಒಪ್ಪಿತು? ಮೊದಲ ಪೀಪಾಯಿ ಹೊಸದಾಗಿಯೇ ಇತ್ತಲ್ಲ. ಎರಡನೆಯದನ್ನು ಲೇಬಲ್‌ನಲ್ಲಿ ಸ್ಪಷ್ಟವಾಗಿ ಹೇಳಬೇಕು, ಸುಮ್ನೆ ಬರ್ಬನ್ ಎಂದು ಮಾರುವಂತಿಲ್ಲ ಎನ್ನುವುದು ಷರತ್ತು. ಇದು ನ್ಯಾಯವೇ. ಯಾಕೆಂದರೆ ಇಲ್ಲಿ ಕೆಲಸ ಮಾಡುವುದು ಮರ ಮಾತ್ರ ಅಲ್ಲ. ಇಂಗಿನ ಡಬ್ಬಿಯನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಹಾಗೆ ವರ್ಷಗಟ್ಟಲೆ ವೈನ್ ಕುಡಿದ ಹಲಗೆ, ಬರ್ಬನ್ ಬಂದಾಗ ಆ ವೈನನ್ನು ಬಿಟ್ಟುಕೊಡುತ್ತದೆ. ಒಣದ್ರಾಕ್ಷಿ, ಹಣ್ಣಿನ ರಸಾಯನದಂಥ ಸಿಹಿ ಬರುವುದು ಅಲ್ಲಿಂದ.

ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಹೆಚ್ಚು ಆಸಕ್ತಿ ಹುಟ್ಟಿಸುವುದು ವೈನ್ ಇಲ್ಲದೆ, ಬರೀ ಮರದಿಂದ ಮಾಡಿದ ಕೆಲಸ. ಮೇಕರ್ಸ್ ಮಾರ್ಕ್ ಕಂಪನಿ ಅರ್ಧ ಶತಮಾನ ಹೆಚ್ಚುಕಡಿಮೆ ಒಂದೇ ವಿಸ್ಕಿ ನಂಬಿ ಬದುಕಿತ್ತು. ಬಿಲ್ ಸ್ಯಾಮುಯೆಲ್ಸ್ ಜೂನಿಯರ್ ನಿವೃತ್ತಿಗೆ ಮುಂಚೆ ತಮ್ಮದೊಂದು ಗುರುತು ಬಿಡಬೇಕೆಂದುಕೊಂಡರು. ಅಪ್ಪ ಮಾಡಿದ ವಿಸ್ಕಿಯ ಸಿಹಿ, ಮಸಾಲೆ ಹೆಚ್ಚಬೇಕು, ಕಹಿ ಬರಬಾರದು. ಪೀಪಾಯಿ ತಯಾರಿಸುವ ಇಂಡಿಪೆಂಡೆಂಟ್ ಸ್ಟೇವ್ ಕಂಪನಿಯವರು ಒಂದಾದ ಮೇಲೊಂದು ಹಲಗೆ ಹದಮಾಡಿ ಕೊಟ್ಟರು. ಗೆದ್ದದ್ದು 46ನೇ ನಮೂನೆ, ಮೇಲ್ಮೈ ಮಾತ್ರ ಕಾಯಿಸಿದ ಫ್ರೆಂಚ್ ಓಕ್. ಮಾಗಿದ ವಿಸ್ಕಿಯ ಪೀಪಾಯಿ ಖಾಲಿ ಮಾಡಿ, ಒಳಗೆ ಅಂಥ ಹತ್ತು ಹಲಗೆ ಇಳಿಬಿಟ್ಟು, ಅದೇ ವಿಸ್ಕಿಯನ್ನು ಮತ್ತೆ ತುಂಬಿ ಸುಮಾರು ಒಂಬತ್ತು ವಾರ ಇಟ್ಟರು. 2010ರಲ್ಲಿ 'ಮೇಕರ್ಸ್ 46' ಮಾರುಕಟ್ಟೆಗೆ ಬಂತು. ಇದನ್ನು ಚಳಿಗಾಲದಲ್ಲಿ ಮಾತ್ರ ಮಾಡಬೇಕಿತ್ತು. ಸೆಕೆಯಲ್ಲಿ ಮಾಡಿದರೆ ಹಲಗೆಯ ಒಗರೆಲ್ಲ ವಿಸ್ಕಿಗೆ ಇಳಿದುಬಿಡುತ್ತದೆ. ಅದಕ್ಕೆಂದೇ 2016ರಲ್ಲಿ ಕೆಂಟಕಿಯ ಲೊರೆಟ್ಟೊದ ಸುಣ್ಣಕಲ್ಲಿನ ಗುಡ್ಡ ಕೊರೆದು ಸದಾ ತಂಪಾಗಿರುವ ನೆಲಮಾಳಿಗೆಯನ್ನೇ ಕಟ್ಟಿದರು.

ಇದೇ ಉಪಾಯವನ್ನು 2005ರಲ್ಲಿ ಕಂಪಸ್ ಬಾಕ್ಸ್ ಕಂಪನಿಯ ಜಾನ್ ಗ್ಲೇಸರ್ 'ಸ್ಪೈಸ್ ಟ್ರೀ' ಎಂಬ ಸ್ಕಾಚ್‌ಗೆ ಬಳಸಿದ್ದರು. ಪೀಪಾಯಿಯೊಳಗೆ ಹಲಗೆ ಇಡುವುದು ಸಂಪ್ರದಾಯವಲ್ಲ ಎಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ ತಕರಾರು ತೆಗೆಯಿತು. ಆ ವಿಸ್ಕಿ ನಿಂತೇಹೋಯಿತು. ಆಮೇಲೆ ಅವರು ಪೀಪಾಯಿಯ ಮುಚ್ಚಳಕ್ಕೇ ಫ್ರೆಂಚ್ ಓಕ್ ಹಾಕಿ ಅದನ್ನು ಮತ್ತೆ ತಂದರು. ಹಳೆಯ ಪೀಪಾಯಿಗೆ ಅವಕಾಶ ಕೊಟ್ಟ ಸ್ಕಾಟ್ಲೆಂಡ್ ಹಲಗೆಗೆ ಬೇಡ ಎಂದಿತು. ಹಳೆಯ ಪೀಪಾಯಿ ಬೇಡ ಎಂದ ಅಮೆರಿಕದಲ್ಲಿ ಹಲಗೆ ನಡೆಯಿತು.

2012ರ ವುಡ್‌ಫರ್ಡ್ 'ಡಬಲ್ ಓಕ್ಡ್' ಇನ್ನೂ ಜಾಣತನದ್ದು. ಅದರ ಎರಡನೇ ಪೀಪಾಯಿಯೂ ಹೊಸ ಓಕ್. ಹೆಚ್ಚು ಹೊತ್ತು ಹುರಿದು, ಕೆಲವೇ ಸೆಕೆಂಡು ಸುಟ್ಟದ್ದು. ಹಾಗಾಗಿ ಕಾನೂನಿನ ಪ್ರಕಾರ ಅದು ಈಗಲೂ 'ಸ್ಟ್ರೇಟ್ ಬರ್ಬನ್', ಅಂದರೆ ಕನಿಷ್ಠ ಎರಡು ವರ್ಷ ಹೊಸ ಸುಟ್ಟ ಓಕ್‌ನಲ್ಲೇ ಮಾಗಿದ ಬರ್ಬನ್. 2014ರಲ್ಲಿ ಮಿಕ್ಟರ್ಸ್ ಹುರಿದ ಪೀಪಾಯಿಯ ಬರ್ಬನ್ ತಂದಿತು. 2020ರಲ್ಲಿ ಎಲೈಜಾ ಕ್ರೇಗ್ ಬ್ರ್ಯಾಂಡ್ ಕೂಡ ತಂದಿತು. ಈಚೆಗೆ ಬ್ರೆಜಿಲ್‌ನ ಅಂಬುರಾನಾ ಮರ ಬಂದಿದೆ. ಕಬ್ಬಿನ ಹಾಲಿನಿಂದ ಮಾಡುವ ಅಲ್ಲಿಯ ಕಶಾಸಾ ಮಾಗಿಸುವ ಮರ ಅದು. ದಾಲ್ಚಿನ್ನಿಯ ಘಮ ಎಷ್ಟು ಜೋರು ಎಂದರೆ ಸ್ವಲ್ಪ ಹೊತ್ತು ಹೆಚ್ಚಾದರೂ ಬರ್ಬನ್ ಅದರಡಿ ಮುಚ್ಚಿಹೋಗುತ್ತದೆ. ಎಳೆಯ ವಿಸ್ಕಿಯ ಕೊರತೆ ಮುಚ್ಚಲು ಇಂಥ ಮರ ಸುಲಭದ ದಾರಿ. ನನಗೆ ಬೇಸರ ತರಿಸುವುದು ಇದೇ. ಮೊದಲ ಮರ ಕೊಟ್ಟದ್ದು ಕಾಣಿಸುತ್ತಾ ಇರಬೇಕು, ಎರಡನೆಯದು ಅದರ ಪಕ್ಕ ನಿಲ್ಲಬೇಕು.

ಒಮ್ಮೆ ಬಳಸಿದ ಬರ್ಬನ್ ಪೀಪಾಯಿಯಲ್ಲಿ ಮತ್ತೆ ಹಸಿ ವಿಸ್ಕಿ ಮಾಗಿಸಿ ಬರ್ಬನ್ ಎನ್ನುವಂತಿಲ್ಲ. ಹೀಗೆ ಮಿಕ್ಕ ಪೀಪಾಯಿಗಳು ಲೋಕವೆಲ್ಲ ಸುತ್ತುತ್ತವೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಅಮೃತ್ 2010ರಲ್ಲಿ ತಂದ 'ಇಂಟರ್‌ಮೀಡಿಯೆಟ್ ಶೆರ್ರಿ' ಎಂಬ ಸಿಂಗಲ್ ಮಾಲ್ಟ್ ನಡುವೆ ಶೆರ್ರಿ ಪೀಪಾಯಿಯಲ್ಲಿದ್ದು, ಕೊನೆಗೆ ಮರಳಿದ್ದು ಬರ್ಬನ್ ಪೀಪಾಯಿಗೇ.

ಒಂದೇ ಮರದಲ್ಲಿ ಎಷ್ಟು ರುಚಿ ಅಡಗಿದೆ ಎಂದು ಬಫಲೋ ಟ್ರೇಸ್ ಡಿಸ್ಟಿಲರಿ ಹುಡುಕಿ ನೋಡಿದೆ. ಮಿಸೂರಿಯ ಓಝಾರ್ಕ್ ಗುಡ್ಡಗಳಲ್ಲಿ 96 ಓಕ್ ಮರ ಆರಿಸಿ, ಒಂದೊಂದರ ಬುಡದಿಂದ ಒಂದು, ತುದಿಯಿಂದ ಒಂದು ಪೀಪಾಯಿ ಮಾಡಿದರು. ಒಟ್ಟು 192. 2011ರಿಂದ ನಾಲ್ಕು ವರ್ಷ ಅವನ್ನು ಒಂದೊಂದಾಗಿ ಬಾಟಲಿಗೆ ತುಂಬಿ, ಕುಡಿದವರಿಂದಲೇ ಅಂಕ ಹಾಕಿಸಿದರು. 2015ರಲ್ಲಿ ಗೆದ್ದದ್ದು 80ನೇ ಪೀಪಾಯಿ. ಅದು ಮರದ ಬುಡದ ಭಾಗದಿಂದ ಮಾಡಿದ್ದು. ವೈನ್ ಇಲ್ಲ, ಎರಡನೇ ಮರವೂ ಇಲ್ಲ.