ಫೋಲ್ಡರ್ ಮೂಲೆಯ ಬಾಣ: ಮನೆ ಕಂಪ್ಯೂಟರ್ ಮತ್ತು ವೈರಸ್

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಹೋಗುವವರಿಗೆ ಝೆರಾಕ್ಸ್ ಅಂಗಡಿ ಎರಡನೇ ಮನೆ. ಹಾಲ್ ಟಿಕೆಟ್, ಹಳೆ ಪ್ರಶ್ನೆಪತ್ರಿಕೆ, ಯಾರೋ ಕೊಟ್ಟ ನೋಟ್ಸ್, ಎಲ್ಲದಕ್ಕೂ ಪೆನ್ ಡ್ರೈವ್ ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ. ಒಂದು ಸಂಜೆ ನಾನೂ ಪ್ರಿಂಟ್ ತೆಗೆಸಿಕೊಂಡು, ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಬಂದು, ಅದೇ ಪೆನ್ ಡ್ರೈವನ್ನು ಮನೆಯ ಕಂಪ್ಯೂಟರಿಗೆ ಹಾಕಿದೆ. ‘ಪ್ರಚಲಿತ’ ಅನ್ನುವ ನನ್ನ ಫೋಲ್ಡರ್ ಇದ್ದಲ್ಲೇ ಇತ್ತು. ಆದರೆ ಅದರ ಮೂಲೆಯಲ್ಲಿ ಸಣ್ಣದೊಂದು ಬಾಗಿದ ಬಾಣ. ಡಬಲ್ ಕ್ಲಿಕ್ ಮಾಡಿದೆ, ಎಂದಿನಂತೆ ತೆರೆಯಿತು. ಪಕ್ಕದಲ್ಲಿದ್ದ ತಮ್ಮ, “ಓಪನ್ ಆಗೇತಲ್ಲ, ಮತ್ತೇನ್ ಬೇಕು ಬಿಡು” ಅಂದ. ಬಿಟ್ಟೆ.

ಮರುದಿನ ಅವನ ಪೆನ್ ಡ್ರೈವಿನಲ್ಲೂ ಬಾಣ ಮೂಡಿತು.

ನಮ್ಮ ಕಡೆ ಇದಕ್ಕೆ ಶಾರ್ಟ್‌ಕಟ್ ವೈರಸ್ ಅನ್ನುತ್ತಾರೆ. ಇದರ ಕೆಲಸ ಸರಳ. ನಿಜವಾದ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ, ಅದೇ ಚಿತ್ರದ ಶಾರ್ಟ್‌ಕಟ್ ಇಡುತ್ತದೆ. ನಾವು ಒತ್ತಿದಾಗ ಮೊದಲು ತಾನು ಓಡಿ ಕಂಪ್ಯೂಟರಿನಲ್ಲಿ ಕೂರುತ್ತದೆ, ಆಮೇಲೆ ನಿಜವಾದ ಫೋಲ್ಡರನ್ನು ತೆರೆದು ತೋರಿಸುತ್ತದೆ. ಕೆಲಸ ಆಯಿತಲ್ಲ ಅಂತ ನಮಗೆ ಅನುಮಾನವೇ ಬರುವುದಿಲ್ಲ.

ಹಿಡಿಯುವುದು ಹೇಗೆ? ಫೈಲ್‌ಗಳ ಪಟ್ಟಿಯನ್ನು ‘ಡೀಟೇಲ್ಸ್’ ನೋಟಕ್ಕೆ ಬದಲಿಸಿ. ‘ಟೈಪ್’ ಕಾಲಂನಲ್ಲಿ ‘ಫೈಲ್ ಫೋಲ್ಡರ್’ ಅಂತ ಇರಬೇಕಾದ ಕಡೆ ‘ಶಾರ್ಟ್‌ಕಟ್’ ಅಂತ ಇರುತ್ತದೆ. ಫೋಲ್ಡರಿನ ಮುಂದೆ ಗಾತ್ರ ಬರುವುದಿಲ್ಲ. ನನ್ನದರ ಮುಂದೆ 2 ಕೆಬಿ ಅಂತ ಇತ್ತು. ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ನೋಡಿದರೆ, ‘ಟಾರ್ಗೆಟ್’ ಜಾಗದಲ್ಲಿ ಫೋಲ್ಡರಿನ ವಿಳಾಸದ ಬದಲು ಸಿಎಂಡಿ ಅಂತ ಶುರುವಾಗುವ ಉದ್ದನೆಯ ಸಾಲು. ಅಂದರೆ ಅದು ಫೋಲ್ಡರಲ್ಲ, ಕಂಪ್ಯೂಟರಿಗೆ ಕೊಟ್ಟ ಆಜ್ಞೆ. ಇಷ್ಟು ನೋಡುವಾಗ ಅದರ ಮೇಲೆ ಡಬಲ್ ಕ್ಲಿಕ್ ಮಾತ್ರ ಮಾಡಬೇಡಿ!

ಇಂಥ ನಾಟಕ ಯಾಕೆ ಬೇಕಾಯಿತು ಗೊತ್ತಾ? ಮೊದಲು ಪೆನ್ ಡ್ರೈವ್ ಹಾಕಿದರೆ ಸಾಕು, ‘ಆಟೋರನ್’ ಮೂಲಕ ಪ್ರೋಗ್ರಾಂ ತಾನಾಗಿ ಓಡುವ ಅವಕಾಶವಿತ್ತು. ವಿಂಡೋಸ್ 7ರಲ್ಲಿ ಪೆನ್ ಡ್ರೈವ್‌ಗಳಿಗೆ ಮೈಕ್ರೋಸಾಫ್ಟ್‌ನವರು ಅದನ್ನು ನಿಲ್ಲಿಸಿದರು, 2011ರಲ್ಲಿ ಹಳೆಯ ವಿಂಡೋಸ್‌ಗೂ ಅಪ್‌ಡೇಟ್ ಕೊಟ್ಟರು. ಆ ಬಾಗಿಲು ಮುಚ್ಚಿದ ಮೇಲೆ ನಮ್ಮ ಕೈಯಿಂದಲೇ ಚಿಲಕ ತೆಗೆಸುವ ಉಪಾಯ ಬಂತು.

ಗ್ರೂಪ್ ಸಿ ಪರೀಕ್ಷೆಯ ಕಂಪ್ಯೂಟರ್ ಭಾಗಕ್ಕೆ ಓದುವವರಿಗೂ ಇದೇ ಸುಳುಹು. ವೈರಸ್, ವರ್ಮ್, ಟ್ರೋಜನ್ ವ್ಯತ್ಯಾಸ ಬಾಯಿಪಾಠ ಮಾಡಬೇಡಿ. ‘ಒತ್ತಿದವರು ಯಾರು?’ ಅಂತ ಕೇಳಿಕೊಳ್ಳಿ. ವೈರಸ್ ಇನ್ನೊಂದು ಫೈಲಿಗೆ ಅಂಟಿಕೊಂಡು, ಅದನ್ನು ಯಾರಾದರೂ ತೆರೆಯಲಿ ಅಂತ ಕಾಯುತ್ತದೆ. ಟ್ರೋಜನ್ ಒಳ್ಳೆಯ ಸಾಫ್ಟ್‌ವೇರ್ ವೇಷದಲ್ಲಿ ಬಂದು ನಮ್ಮಿಂದಲೇ ಇನ್‌ಸ್ಟಾಲ್ ಮಾಡಿಸಿಕೊಳ್ಳುತ್ತದೆ. ವರ್ಮ್‌ಗೆ ಅಂಟಿಕೊಳ್ಳಲು ಬೇರೆ ಫೈಲ್ ಬೇಡ. ಎಷ್ಟೋ ಸಲ ನಮ್ಮ ಕೈಯೂ ಬೇಡ.

2017ರ ಮೇ 12ರಂದು ಹಬ್ಬಿದ ವಾನಾಕ್ರೈ ಅಂಥದ್ದು. ವಿಂಡೋಸ್‌ನ ಒಂದು ಬಿರುಕಿನಿಂದ ನೆಟ್‌ವರ್ಕ್ ಮೂಲಕ ತಾನೇ ನುಗ್ಗಿತು, ಫೈಲ್‌ಗಳಿಗೆ ಬೀಗ ಹಾಕಿ 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳಿತು. ಬೇಸರದ ಮಾತೆಂದರೆ, ಆ ಬಿರುಕು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ‘ಆಮೇಲೆ ನೆನಪಿಸು’ ಅಂತ ಒತ್ತುತ್ತಾ ಹೋಗುವವರು ನಾವೇ ಅಲ್ವಾ? ಇನ್ನೊಂದು ವಿಷಯ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯಲ್ಲಿ ಇನ್ನೂ ಅದೇ ಇದ್ದರೆ, ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಸೇರಿದ್ದೀರಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ.

ಫೈಲ್ ಹೆಸರಿನ ಬಾಲವನ್ನೂ, ಅಂದರೆ ಕೊನೆಯ ಚುಕ್ಕೆಯ ನಂತರದ ಅಕ್ಷರಗಳನ್ನೂ, ನೋಡುವ ರೂಢಿ ಬೇಕು. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಹೆಸರಿನಲ್ಲಿ ಇಮೇಲ್‌ಗಳಿಗೆ ಬಂದ ಐ ಲವ್ ಯೂ ವರ್ಮ್‌ನ ಫೈಲ್ ಟಿಎಕ್ಸ್‌ಟಿ ಅಂತ ಮುಗಿದಂತೆ ಕಾಣುತ್ತಿತ್ತು. ನಿಜವಾದ ಬಾಲ ವಿಬಿಎಸ್, ಅಂದರೆ ಓಡುವ ಸ್ಕ್ರಿಪ್ಟ್. ವಿಂಡೋಸ್ ಅದನ್ನು ಮರೆಮಾಡಿತ್ತು. ಈಗಲೂ ಮರೆಮಾಡುತ್ತದೆ. ವಿಂಡೋಸ್ 11ರಲ್ಲಿ ‘ವ್ಯೂ’, ‘ಶೋ’ ಒತ್ತಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿ. ‘ನೋಟ್ಸ್ ಪಿಡಿಎಫ್’ ಹಿಂದೆ ಇಎಕ್ಸ್‌ಇ ಕಂಡರೆ ಅದು ನೋಟ್ಸ್ ಅಲ್ಲ, ಓಡುವ ಪ್ರೋಗ್ರಾಂ. ಆದರೆ ಶಾರ್ಟ್‌ಕಟ್‌ನ ಬಾಲ ಈ ಟಿಕ್ ಹಾಕಿದರೂ ಕಾಣುವುದಿಲ್ಲ. ಅಲ್ಲಿ ಬಾಣವೇ ಗತಿ.

ಆಂಟಿವೈರಸ್ ಯಾವುದು ಚಲೋ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ಅದು ಆನ್ ಇರಬೇಕು, ಅಷ್ಟೇ. ಸಿನಿಮಾ ಎಡಿಟಿಂಗ್ ಸಾಫ್ಟ್‌ವೇರ್ ‘ಫ್ರೀ’ ಅಂತ ಕೊಡುವ ಕ್ರ್ಯಾಕ್ ಫೈಲ್‌ಗಳ ಜೊತೆ ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂತ ಬರೆದಿರುತ್ತದೆ. ನಾಯಿ ಕಟ್ಟಿಹಾಕ್ರಿ, ನಾ ಒಳಗ ಬರ್ತೀನಿ ಅಂದ ಹಾಗಾಯಿತು!

ನನ್ನ ಪೆನ್ ಡ್ರೈವ್ ಕಥೆ ಮುಗಿಸುತ್ತೇನೆ. ಮೊದಲು ಕಂಪ್ಯೂಟರ್ ಸ್ವಚ್ಛವಾಗಬೇಕು, ಇಲ್ಲದಿದ್ದರೆ ಪೆನ್ ಡ್ರೈವ್ ತೊಳೆದಷ್ಟೂ ಮತ್ತೆ ಅಂಟುತ್ತದೆ. ‘ಸ್ಕ್ಯಾನ್ ಆಪ್ಶನ್ಸ್’ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ. ಆಮೇಲೆ ಪೆನ್ ಡ್ರೈವ್ ಸ್ಕ್ಯಾನ್ ಮಾಡಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿದೆ. ಏನೂ ಕಾಣಲಿಲ್ಲ. ಎದೆ ಧಸಕ್ ಅಂತು. ಫೋಲ್ಡರ್ ಆಪ್ಶನ್ಸ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಟಿಕ್ ತೆಗೆದ ಮೇಲೆ ‘ಪ್ರಚಲಿತ’ ಮಸುಕು ಮಸುಕಾಗಿ ಹೊರಬಂತು. ಬೇಕಾದ ಪಿಡಿಎಫ್ ಮಾತ್ರ ಕಾಪಿ ಮಾಡಿ, ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ, ಆ ಟಿಕ್ ಮತ್ತೆ ಹಾಕಿದೆ.

ಈಗ ಅಂಗಡಿಗೆಂದೇ ಒಂದು ಹಳೆಯ 4 ಜಿಬಿ ಪೆನ್ ಡ್ರೈವ್ ಇದೆ. ಅದರಲ್ಲಿ ಅಂದು ಪ್ರಿಂಟ್ ಮಾಡಿಸುವ ಫೈಲ್ ಬಿಟ್ಟು ಬೇರೇನೂ ಇರುವುದಿಲ್ಲ. ನೋಟ್ಸ್‌ನ ಇನ್ನೊಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿದೆ. ಅದನ್ನು ಸದಾ ಚುಚ್ಚಿಟ್ಟರೆ ವಾನಾಕ್ರೈನಂಥದ್ದು ಬಂದಾಗ ಅದಕ್ಕೂ ಬೀಗ ಬೀಳುತ್ತದೆ. ಹಾಗಾಗಿ ಅದು ಅವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗಿದೆ. ಭಾನುವಾರ ಅರ್ಧ ಗಂಟೆ ಮಾತ್ರ ಹೊರಗೆ ಬರುತ್ತದೆ.