ಊರ ನಡುವಿನ ಹೆದ್ದಾರಿ ಕೆಡವಿದರೆ ಗಾಡಿಗಳೆಲ್ಲ ಎಲ್ಲಿಗೆ ಹೋಗುತ್ತವೆ?

ಪ್ರಶ್ನೆ: ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಫ್ಲೈಓವರ್ ಕೆಡವಿ, ಅಲ್ಲಿ ಹೊಳೆ ಹರಿಸಿದರಂತೆ. ಆ ವಾಹನಗಳೆಲ್ಲ ಪಕ್ಕದ ರಸ್ತೆಗಳಿಗೆ ನುಗ್ಗಲಿಲ್ಲವೇ?

ಉತ್ತರ: ಒಂದಷ್ಟು ನುಗ್ಗಿದವು. ಆದರೆ ಜನ ಹೆದರಿದಷ್ಟು ಅಲ್ಲ.

ಆ ಹೊಳೆಯ ಹೆಸರು ಚೊಂಗ್ಯೆಚೊನ್. ಕೊರಿಯಾ ಯುದ್ಧದ ನಂತರ ಅದರ ದಡದ ತುಂಬ ಗುಡಿಸಲುಗಳೆದ್ದು, ಹೊಳೆ ಕೊಳಚೆ ಕಾಲುವೆಯಾಗಿತ್ತು. 1958ರಿಂದ ಅದನ್ನು ಕಾಂಕ್ರೀಟ್ ಹಾಕಿ ಮುಚ್ಚುತ್ತಾ ಬಂದರು. ಆಮೇಲೆ ಅದರ ಮೇಲೊಂದು ಎತ್ತರದ ಹೆದ್ದಾರಿಯೂ ಬಂತು, 1976ರಲ್ಲಿ ಪೂರ್ತಿಯಾಯಿತು. ಮೇಲಿನ ರಸ್ತೆ, ಕೆಳಗಿನ ರಸ್ತೆ ಎರಡೂ ಸೇರಿ ದಿನಕ್ಕೆ 1.6 ಲಕ್ಷಕ್ಕೂ ಜಾಸ್ತಿ ವಾಹನ ಓಡುತ್ತಿದ್ದವು.

2002ರಲ್ಲಿ ಲೀ ಮ್ಯೂಂಗ್ ಬಾಕ್ ಇದನ್ನು ಕೆಡವುತ್ತೇನೆ ಎಂದೇ ಮೇಯರ್ ಚುನಾವಣೆ ಗೆದ್ದರು. ಇದು ಸುಮ್ನೆ ಹಸಿರಿನ ಮೇಲಿನ ಪ್ರೀತಿಯಲ್ಲ. ಹೆದ್ದಾರಿ ಅಷ್ಟರಲ್ಲಿ ಶಿಥಿಲವಾಗಿತ್ತು, ದೊಡ್ಡ ಗಾಡಿಗಳನ್ನು ಆಗಲೇ ಮೇಲೆ ಬಿಡುತ್ತಿರಲಿಲ್ಲ. ರಿಪೇರಿಗೂ ಭಾರಿ ದುಡ್ಡು ಸುರಿಯಬೇಕಿತ್ತು. 2003ರ ಜುಲೈನಲ್ಲಿ ಕೆಡವಲು ಶುರು ಮಾಡಿದರು. 2005ರ ಅಕ್ಟೋಬರ್‌ನಲ್ಲಿ ಸುಮಾರು 5.8 ಕಿಲೋಮೀಟರ್ ಉದ್ದದ ಹೊಳೆ ಜನರಿಗೆ ತೆರೆಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಟ್ರಾಫಿಕ್ ಅಂದರೆ ಪೈಪಿನ ನೀರಿನ ಹಾಗೆ, ಇಲ್ಲಿ ಕಟ್ಟಿದರೆ ಅಲ್ಲಿ ಉಕ್ಕುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಗಾಡಿಯೊಳಗೆ ಕೂತಿರುವುದು ಯೋಚನೆ ಮಾಡುವ ಮನುಷ್ಯರು, ಅಲ್ವಾ? ಒಬ್ಬರು ಬೇಗ ಹೊರಡುತ್ತಾರೆ, ಇನ್ನೊಬ್ಬರು ಮೆಟ್ರೊ ಹತ್ತುತ್ತಾರೆ. ಮತ್ತೊಬ್ಬರು ಆ ಕಡೆ ಹೋಗುವುದನ್ನೇ ಬಿಟ್ಟು ಹತ್ತಿರದ ಅಂಗಡಿಗೆ ಹೋಗುತ್ತಾರೆ. 1998ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ದೇಶಗಳಲ್ಲಿ ರಸ್ತೆ ಮುಚ್ಚಿದ, ಕಿರಿದಾಗಿಸಿದ ಉದಾಹರಣೆಗಳನ್ನು ಒಟ್ಟುಮಾಡಿ ನೋಡಿದರು. ಬಹಳ ಕಡೆ, ಸುತ್ತಲಿನ ರಸ್ತೆಗಳನ್ನು ಸೇರಿಸಿ ಎಣಿಸಿದರೂ, ಮೊದಲಿದ್ದ ವಾಹನಗಳಲ್ಲಿ ಒಂದು ಪಾಲು ಕಾಣಲೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲೂ 1989ರ ಭೂಕಂಪಕ್ಕೆ ಸಿಕ್ಕಿದ ಎಂಬಾರ್ಕಡೆರೊ ಹೆದ್ದಾರಿಯನ್ನು ಆಮೇಲೆ ಕೆಡವಿದರು. ಊರೇನೂ ನಿಂತುಹೋಗಲಿಲ್ಲ.

ಆದರೆ ಹೊಳೆಯ ಫೋಟೊಗಳಲ್ಲಿ ಕಾಣದ ಕೆಲಸವೊಂದಿದೆ. ಸೋಲ್‌ನಲ್ಲಿ ಮೆಟ್ರೊ ಜಾಲ ಮೊದಲೇ ಗಟ್ಟಿಯಾಗಿತ್ತು. ಹೊಳೆಯ ಕಾಮಗಾರಿ ನಡೆಯುತ್ತಿರುವಾಗಲೇ, 2004ರ ಜುಲೈನಲ್ಲಿ, ಬಸ್ ಮಾರ್ಗಗಳನ್ನೆಲ್ಲ ಹೊಸದಾಗಿ ಜೋಡಿಸಿದರು. ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಲೇನ್ ಹೆಚ್ಚಿಸಿದರು. ಬಸ್ಸಿಂದ ಮೆಟ್ರೊಗೆ ಬದಲಾದರೂ ಒಂದೇ ಕಾರ್ಡಿನಲ್ಲಿ, ಒಟ್ಟು ದೂರ ನೋಡಿ ದರ ಹಾಕಿದರು. ನನ್ನ ಲೆಕ್ಕದಲ್ಲಿ ಹೊಳೆಗಿಂತ ದೊಡ್ಡ ಕೆಲಸ ಇದೇ. ಬಸ್ಸಿಗಾಗಿ ಅರ್ಧ ಗಂಟೆ ಕಾಯಬೇಕಾದ ಊರಲ್ಲಿ ಬರೀ ಫ್ಲೈಓವರ್ ಕೆಡವಿದರೆ ಜನ ಬೈಯುತ್ತಾರೆ, ಬೈಯಲೇಬೇಕು.

ಬೇಸಿಗೆಯಲ್ಲಿ ಹೊಳೆಯ ಬದಿ ಅಕ್ಕಪಕ್ಕದ ರಸ್ತೆಗಳಿಗಿಂತ ತಂಪು. ನೀರು ಮಾತ್ರ ಹೆಚ್ಚಿನದೆಲ್ಲ ಹಾನ್ ನದಿಯಿಂದ ಪಂಪ್ ಮಾಡಿ ತಂದದ್ದು. ಅದಕ್ಕೇ ಕೆಲವರು ಇದನ್ನು ಉದ್ದನೆಯ ಕಾರಂಜಿ ಎಂದು ಗೇಲಿ ಮಾಡುವುದು.

ಹೆದ್ದಾರಿಯ ಕೆಳಗೆ ವ್ಯಾಪಾರ ಮಾಡುತ್ತಿದ್ದ ಬೀದಿ ವ್ಯಾಪಾರಿಗಳ ಕಥೆ ಅಷ್ಟು ತಂಪಾಗಿಲ್ಲ. ಅವರಲ್ಲಿ ಅನೇಕರನ್ನು ದೊಂಗ್ದೆಮುನ್ ಸ್ಟೇಡಿಯಮ್‌ಗೆ ಕಳಿಸಿದರು. ಕೆಲವೇ ವರ್ಷಗಳಲ್ಲಿ ಆ ಸ್ಟೇಡಿಯಮ್ ಕೂಡ ಕೆಡವಲಾಯಿತು, ಅವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು.